ಹೊರಗಾವಲಿನ ಮೂರನೆಯ ತಟ್ಟು

ನಮ್ಮ ಮನೆಯ ಹಿತ್ತಲಿನ ತಂತಿಯ ಮೇಲೆ ಎರಡು ಜೊತೆ ಬಿಳಿ ಗ್ಲೌಸು ಒಣಗುತ್ತಿವೆ. ಒಂದು ಜೊತೆ ನನ್ನದು, ಇನ್ನೊಂದು ದಸ್ತಗೀರನದು. ಎರಡನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡಿದ್ದೆವು. ಆದರೂ ಗುರುತು ಹಿಡಿಯುವುದು ಸುಲಭ. ದಸ್ತಗೀರನ ಬಲಗೈ ಗ್ಲೌಸಿನ ಹೆಬ್ಬೆರಳು ಸವೆದು ಹರಿದಿತ್ತು. ಅವನೇ ಅದಕ್ಕೆ ಇರುವೆ ಸಾಲಿನಷ್ಟು ಸಣ್ಣ ಹೊಲಿಗೆ ಹಾಕಿಕೊಂಡಿದ್ದಾನೆ. ಈಗ ಅದರ ಅಂಗೈ ಮೇಲೆ ಮಾವಿನ ರಸದ ಒಂದು ಕಲೆಯೂ ಸೇರಿದೆ. ಆ ಕಲೆ ಮಾತ್ರ ನಾನು ಮಾಡಿದ್ದು.

ನನ್ನ ಹೆಂಡತಿ ಶಾರದೆ ಮೂರು ದಿನದಿಂದ ಅದರ ಜೊತೆ ಗುದ್ದಾಡುತ್ತಿದ್ದಾಳೆ. ಸೋಪು ಆಯಿತು, ನಿಂಬೆಹುಳಿ ಆಯಿತು, ಬಿಸಿಲು ಆಯಿತು.

"ಇದು ಹೋಗಲ್ಲ ಕಣ್ರೀ. ಗ್ಲೌಸು ಹಾಕ್ಕೊಂಡು ಯಾರಾದ್ರೂ ಜ್ಯೂಸು ಕುಡೀತಾರಾ?"

"ಕುಡೀಲಿಲ್ಲ ಕಣೇ. ಚೆಲ್ಲಿಕೊಂಡೆ."

ಅವಳು ನನ್ನ ಮುಖ ನೋಡಿ ಸುಮ್ಮನಾದಳು. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಎಲ್ಲಿ ಸುಮ್ಮನಾಗಬೇಕು ಅನ್ನುವುದು ಗೊತ್ತಿರುತ್ತದೆ. ಆ ವಿದ್ಯೆ ನನಗೆ ಮಾತ್ರ ಇವತ್ತಿಗೂ ಬಂದಿಲ್ಲ, ಈ ಕಥೆಯೆಲ್ಲ ಅದರದ್ದೇ.

ನಾನು ಮುಳಬಾಗಿಲಿನಲ್ಲಿ ವಿಮಾ ಏಜೆಂಟಾಗಿದ್ದವನು. ಹೆಸರು ನಾರಾಯಣಸ್ವಾಮಿ. ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಹೆಸರು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಚೆನ್ನಾಗಿ ನಡೆದಾಡುತ್ತಿರುವ ಮನುಷ್ಯನ ಎದುರು ಕುಳಿತು ಅವನ ಸಾವಿನ ವಿಷಯವನ್ನು ನಗುನಗುತ್ತಾ ಮಾತಾಡಿ, ಅವನ ಹೆಂಡತಿಯ ಕೈಯಲ್ಲೇ ಕಾಫಿ ಮಾಡಿಸಿಕೊಂಡು ಕುಡಿದು ಬರುವುದು ನನ್ನ ಕಸುಬು. ಬಿಡುವಿದ್ದಾಗ ಮದುವೆ ಆರತಕ್ಷತೆ, ಗಣೇಶನ ಪೆಂಡಾಲು, ಸನ್ಮಾನ, ಎಲ್ಲ ಕಡೆ ಮೈಕು ಹಿಡಿದು ನಿರೂಪಣೆ ಮಾಡುತ್ತಿದ್ದೆ. ಮೈಕು ಕೈಗೆ ಬಂದರೆ ವಾಪಸು ಕೊಡುವುದಿಲ್ಲ ಎಂಬ ಕೀರ್ತಿ ನನಗಿದೆ. ನೀವು ನಮ್ಮ ಕಡೆಯವರಾಗಿದ್ದರೆ ನನ್ನಿಂದ ಒಮ್ಮೆಯಾದರೂ ಬೇಸರಪಟ್ಟಿರುತ್ತೀರಿ.

ದಸ್ತಗೀರ ಇದಕ್ಕೆ ತೀರಾ ಉಲ್ಟಾ. ಬಸ್‌ಸ್ಟ್ಯಾಂಡಿಗೆ ಹೋಗುವ ಬೀದಿಯಲ್ಲಿ ಅವನದೊಂದು ವಾಚ್ ರಿಪೇರಿ ಅಂಗಡಿ, ಒಬ್ಬ ಕೂರುವಷ್ಟು ಜಾಗ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರೆ ಬಂದವರು ಕೆಮ್ಮಿದರೂ ತಲೆ ಎತ್ತುತ್ತಿರಲಿಲ್ಲ. ಎತ್ತಿದರೂ ಬೇಗ ಮಾತು ಬರುತ್ತಿರಲಿಲ್ಲ. ಅವನು ತೊದಲುತ್ತಿದ್ದ. ಮೊದಲ ಅಕ್ಷರ ಗಂಟಲಿನಲ್ಲಿ ಸಿಕ್ಕಿಕೊಂಡು, ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ಆಮೇಲೆ ಒಮ್ಮೆಲೇ ಹೊರಗೆ ಬರುತ್ತಿತ್ತು.

ನಾವಿಬ್ಬರೂ ಬೈರಕೂರಿನ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ನಮ್ಮ ಮನೆಯಲ್ಲಿ ತೆಲುಗು, ಅವರ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಅವನು ಮೂರರಲ್ಲೂ ತೊದಲುತ್ತಿದ್ದ, ನಾನು ಮೂರರಲ್ಲೂ ಹರಟುತ್ತಿದ್ದೆ. ಬೆಳಗ್ಗೆ ಮೇಷ್ಟ್ರು ಹಾಜರಿ ಕೂಗುವಾಗ ಅವನ ಹೆಸರು ಬಂದರೆ ಇಡೀ ತರಗತಿ ಅವನ ಕಡೆ ತಿರುಗುತ್ತಿತ್ತು. "ಪ್ರೆಸೆಂಟ್ ಸಾರ್" ಅನ್ನಲು ಅವನು ಬಾಯಿ ತೆರೆದು "ಪ್ರ... ಪ್ರ..." ಎಂದು ಶುರು ಮಾಡುವಷ್ಟರಲ್ಲಿ ಹುಡುಗರು ನಗುತ್ತಿದ್ದರು. ಒಂದು ದಿನ ನನಗೆ ತಡೆಯಲಾಗದೆ ಅವನ ಪರವಾಗಿ ನಾನೇ "ಪ್ರೆಸೆಂಟ್ ಸಾರ್" ಎಂದುಬಿಟ್ಟೆ. ಮೇಷ್ಟ್ರಿಗೂ ಹೊತ್ತು ಉಳಿಯಿತು, ಏನೂ ಅನ್ನಲಿಲ್ಲ. ಅಂದಿನಿಂದ ಅದೇ ರೂಢಿಯಾಯಿತು. ರೂಢಿ ಎಷ್ಟು ಗಟ್ಟಿಯಾಯಿತೆಂದರೆ, ಅವನು ಜ್ವರ ಬಂದು ಮನೆಯಲ್ಲಿ ಮಲಗಿದ್ದ ದಿನವೂ ನನ್ನ ಬಾಯಿ "ಪ್ರೆಸೆಂಟ್ ಸಾರ್" ಎಂದಿತು. ಅವತ್ತು ಹುಣಸೆ ಬರಲಿನಲ್ಲಿ ತಿಂದ ಏಟು ಇಬ್ಬರ ಲೆಕ್ಕದ್ದು.

ಹಾಗೆ ಶುರುವಾದದ್ದು ಆಮೇಲೆ ನಿಲ್ಲಲಿಲ್ಲ. ಹೋಟೆಲಿನಲ್ಲಿ ಅವನು "ಕಾ... ಕಾ..." ಎಂದರೆ ನಾನು "ಎರಡು ಕಾಫಿ" ಎಂದು ಕೂಗುತ್ತಿದ್ದೆ. ಅವನು ಕುಡಿಯುತ್ತಿದ್ದ. ಎಷ್ಟೋ ವರ್ಷದ ಮೇಲೆ ಅವನ ಹೆಂಡತಿ ನಸ್ರೀನ್ ಹೇಳಿದಳು, ಅವನಿಗೆ ಕಾಫಿ ಸೇರುತ್ತಲೇ ಇರಲಿಲ್ಲವಂತೆ, ಇಷ್ಟವಿದ್ದದ್ದು ಖಾರಾಬೂಂದಿಯಂತೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವನೂ ನಕ್ಕ. ಈಗ ಅದನ್ನು ನೆನೆದರೆ ನಗು ಬರುವುದಿಲ್ಲ.

ಇನ್ನು ಗ್ಲೌಸಿನ ವಿಷಯ. ನಾವಿಬ್ಬರೂ ಕೋಲಾರದ ಒಂದು ಲಾಡ್ಜಿನ ಸದಸ್ಯರು. ರೂಮು ಖಾಲಿ ಇದೆಯಾ ಎಂದು ಕೇಳಬೇಡಿ, ನಮ್ಮ ಮಾವನವರು ಕೇಳಿಯಾಗಿದೆ. ಇದು ಚಿನ್ನದ ಗಣಿಯ ಬ್ರಿಟಿಷ್ ದೊರೆಗಳ ಕಾಲದಿಂದ ಬಂದಿರುವ ಸಹೋದರರ ಬಳಗ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಹಳೆಯ ಹೆಂಚಿನ ಕಟ್ಟಡದ ಮಹಡಿಯಲ್ಲಿ ಸೇರುತ್ತೇವೆ. ಕೊರಳಿಗೆ ನೀಲಿ ಪಟ್ಟಿ, ಸೊಂಟಕ್ಕೆ ಬಿಳಿ ಏಪ್ರನ್ನು, ಕೈಗೆ ಬಿಳಿ ಗ್ಲೌಸು. ಮೇಜಿನ ಮೇಲೆ ಗೀತೆ, ಕುರಾನು, ಬೈಬಲ್ಲು ಪಕ್ಕಪಕ್ಕ. ಒಳಗೆ ಏನು ನಡೆಯುತ್ತದೆಂದು ಹೊರಗೆ ಹೇಳುವಂತಿಲ್ಲ. ಹೇಳಿದರೂ ನಿಮಗೆ ಆಕಳಿಕೆ ಬರುತ್ತದೆ. ಶಾರದೆಗೆ ಮಾತ್ರ ಒಂದೇ ತಕರಾರು. "ಮನೇಲಿ ಒಂದು ದಿನ ಏಪ್ರನ್ ಕಟ್ಟಿದ್ದು ಕಾಣೆ, ಅಲ್ಲಿ ಹೋಗಿ ಕಟ್ಕೋತಾರೆ" ಅನ್ನುತ್ತಾಳೆ.

ಲಾಡ್ಜಿನ ಶಾಸ್ತ್ರವೆಲ್ಲ ಹಳೆಯ ಕಾಲದ ಇಂಗ್ಲಿಷಿನಲ್ಲಿದೆ. ಕಾಗದ ನೋಡಿ ಓದುವಂತಿಲ್ಲ, ಬಾಯಿಪಾಠವಾಗಬೇಕು. ಆ ಇಂಗ್ಲಿಷನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಉರು ಹೊಡೆದೆ. ಗೌನಿಪಲ್ಲಿಯ ಮಾವಿನ ತೋಟದ ಮುನಿರೆಡ್ಡಿಗಾರು, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ತೆಲುಗಿನಲ್ಲಿ ಬರೆದುಕೊಂಡರು. ದಸ್ತಗೀರ ಒಂದು ಪುಟ್ಟ ನೋಟುಬುಕ್ಕಿನಲ್ಲಿ ಉರ್ದುವಿನಲ್ಲಿ ಬರೆದುಕೊಂಡ. ದೊರೆಗಳು ಎದ್ದು ಬಂದು ಕೇಳಿದರೆ ಅದು ತಮ್ಮ ಭಾಷೆಯೆಂದು ಒಪ್ಪುತ್ತಿದ್ದರೋ ಇಲ್ಲವೋ.

ನಮ್ಮ ಲಾಡ್ಜಿನಲ್ಲಿ ಒಂದು ಪದ್ಧತಿ ಇದೆ. ಹೊಸದಾಗಿ ಸೇರಿದವನಿಗೆ ಬಾಗಿಲ ಕೆಲಸ. ಬಾಗಿಲ ಆಚೆ ಕತ್ತಿ ಹಿಡಿದು ನಿಲ್ಲುವವನು ಹೊರಗಾವಲು, ಈಚೆ ನಿಲ್ಲುವವನು ಒಳಗಾವಲು. ವರ್ಷಕ್ಕೊಮ್ಮೆ ಮಾವಿನ ಕಾಲದಲ್ಲಿ ಕೊರಳ ಪಟ್ಟಿಗಳು, ಅಂದರೆ ಹುದ್ದೆಗಳು, ಬದಲಾಗುತ್ತವೆ. ಒಬ್ಬೊಬ್ಬನೂ ಒಂದೊಂದು ಹೆಜ್ಜೆ ಒಳಗೆ ಹೋಗುತ್ತಾನೆ. ಬಾಗಿಲಿನಿಂದ ಕೋಲು ಹಿಡಿಯುವ ಕೆಲಸಕ್ಕೆ, ಅಲ್ಲಿಂದ ಮೇಲೆ, ಕೊನೆಗೆ ಸಭೆ ನಡೆಸುವವನ ಪೀಠಕ್ಕೆ. ನಾವಿಬ್ಬರೂ ಒಂದೇ ದಿನ ಸೇರಿದೆವು. ನಾನು ಒಳಗಾವಲು, ದಸ್ತಗೀರ ಹೊರಗಾವಲು.

ಸಭೆ ಶುರುವಾಗುವಾಗ ಒಳಗಿನಿಂದ ನಾನು ಬಾಗಿಲನ್ನು ಮೂರು ಸಲ ತಟ್ಟಬೇಕು. ಹೊರಗಿನಿಂದ ಅವನು ಮೂರು ಸಲ ತಟ್ಟಿದರೆ ಕಾವಲು ಸರಿಯಿದೆ ಎಂದರ್ಥ. ನನ್ನದು ಟಕ್ ಟಕ್ ಟಕ್ ಎಂದು ಮುಗಿದುಹೋಗುತ್ತಿತ್ತು. ಅವನದು ಟಕ್, ಟಕ್, ಆಮೇಲೆ ಸುಮಾರು ಹೊತ್ತು ಏನೂ ಇಲ್ಲ, ಎಲ್ಲೋ ಹೋದನೇನೋ ಅನ್ನುವಾಗ ಟಕ್. ಅವನ ಕೈಗೂ ತೊದಲು ಎಂದು ನಾನೇ ತಮಾಷೆ ಮಾಡಿದ್ದೇನೆ. ಪೀಠದಲ್ಲಿದ್ದವರು ಆ ಮೂರನೆಯ ತಟ್ಟಿಗೆ ಕಾಯುವುದನ್ನು ಕಲಿತುಕೊಂಡರು. ನೋಡಿ, ತಟ್ಟಿಗೆ ಕಾಯುತ್ತಿದ್ದೆವು, ಮಾತಿಗೆ ಕಾಯಲಿಲ್ಲ.

ಹೊರಗಾವಲಿನವನಿಗೆ ಇನ್ನೊಂದು ಕೆಲಸ ಇದೆ. ಸಭೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ, ದಿನದ ಕೊನೆಯ ಮಾತು ಅವನದು. ದಿನವೆಲ್ಲ ಹೊರಗೆ ನಿಂತವನು, ಆದ್ದರಿಂದ ಇಲ್ಲದವರ ಪರವಾಗಿ ಅವನೇ ಲೋಟ ಎತ್ತಿ ಹೇಳಬೇಕು: "ಇವತ್ತು ಈ ಪಂಕ್ತಿಯಲ್ಲಿ ಇಲ್ಲದ ಸಹೋದರರಿಗೆ, ಅವರು ಎಲ್ಲೇ ಇರಲಿ, ನಮ್ಮ ನೆನಪು ತಲುಪಲಿ." ಇದೊಂದನ್ನು ಯಾರೋ ಹಿರಿಯರು ಕನ್ನಡಕ್ಕೆ ತಂದಿದ್ದರು. ದೊರೆಗಳ ಕಾಲದಲ್ಲಿ ಲೋಟದಲ್ಲಿ ಏನಿತ್ತೋ, ನಮ್ಮದು ಮುನಿರೆಡ್ಡಿಗಾರ ತೋಟದ ಮಾವಿನ ರಸ, ಕಾಲ ಅಲ್ಲದಿದ್ದರೆ ನಿಂಬೆ ಷರಬತ್ತು.

ಮೊದಲ ಸಲ ದಸ್ತಗೀರ ಎದ್ದು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಲೋಟ ಎತ್ತಿದ. "ಇ... ಇ..." ಎಂದ. ನರ ಉಬ್ಬಿತು, ಕಣ್ಣು ಮುಚ್ಚಿಕೊಂಡ. ಯಾರೋ ಕೆಮ್ಮಿದರು, ಯಾರೋ ಚಮಚ ಇಟ್ಟ ಸದ್ದಾಯಿತು. ನನಗೆ ಬೈರಕೂರಿನ ತರಗತಿಯೇ ಕಣ್ಣ ಮುಂದೆ ಬಂತು. ತಟಕ್ಕನೆ ಎದ್ದು, ಇಡೀ ವಾಕ್ಯವನ್ನು ನನ್ನ ಮೈಕಿನ ದನಿಯಲ್ಲಿ ಹೇಳಿ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. "ಸ್ನೇಹಿತ ಅಂದರೆ ಹೀಗಿರಬೇಕು" ಎಂದರು. ದಸ್ತಗೀರ ನಕ್ಕು, ಲೋಟ ಎತ್ತಿ ಕುಡಿದು ಕೂತ. ಅಲ್ಲಿಂದ ಮುಂದಕ್ಕೆ ಇದೂ ರೂಢಿ. ಲೋಟ ಅವನದು, ಮಾತು ನನ್ನದು. ಹಾಗೆಯೇ ಒಳಗೆ ಹಾಜರಿ ಕೂಗುವಾಗ ಹೊರಗಾವಲಿನವನ ಹೆಸರು ಬಂದರೆ, ಅವನು ಬಾಗಿಲ ಆಚೆ ಇರುವುದರಿಂದ ಒಳಗಿರುವ ಒಬ್ಬರು ಉತ್ತರ ಕೊಡಬೇಕು. ಆ "ಪ್ರೆಸೆಂಟ್" ಕೂಡ ನನ್ನ ಪಾಲಿಗೇ ಬಂತು. ನನಗೇನು, ಅಭ್ಯಾಸ ಇತ್ತಲ್ಲ.

ಇನ್ನು ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ. ಎರಡು ಸಲ ಎದ್ದು ಹೋಗಿ ತಂತಿಯ ಮೇಲಿನ ಗ್ಲೌಸು ಒಣಗಿದೆಯೇ ಎಂದು ಮುಟ್ಟಿ ನೋಡಿ ಬಂದೆ.

ಒಂದು ಬೆಳಗ್ಗೆ ನನ್ನ ಕೈಗಡಿಯಾರ ನಿಂತುಹೋಗಿ ಅವನ ಅಂಗಡಿಗೆ ಹೋಗಿದ್ದೆ. ಆಗ ನಾನು ಒಂದೊಂದೇ ಮೆಟ್ಟಿಲು ಹತ್ತಿ ಇನ್ನೇನು ಪೀಠಕ್ಕೆ ಬರುವವನಿದ್ದೆ, ಅವನು ಮಾತ್ರ ಇನ್ನೂ ಹೊರಗಾವಲಿನಲ್ಲೇ ಇದ್ದ. ಅವನಂಗಡಿಯ ಷಟರು ಅರ್ಧ ಎತ್ತಿತ್ತು. ಒಳಗಿಂದ ಯಾರೋ ಮಾತಾಡುತ್ತಿದ್ದರು. ನಮ್ಮ ಲಾಡ್ಜಿನ ಶಾಸ್ತ್ರದ ಮಾತು, ಅದೂ ಕೋಲು ಹಿಡಿದವನು ಹೊಸಬನನ್ನು ಕೈ ಹಿಡಿದು ಸುತ್ತು ಬರುವಾಗ ಹೇಳುವ ಉದ್ದನೆಯ ಭಾಗ. ನಾನೇ ಅದನ್ನು ಎರಡು ಕಡೆ ನುಂಗಿಹಾಕಿ ಹೇಳಿದವನು. ಒಳಗಿನ ದನಿ ಒಂದು ಪದವನ್ನೂ ಬಿಡದೆ, ಎಲ್ಲೂ ತಡೆಯದೆ, ನಿಧಾನವಾಗಿ ಹೇಳಿಕೊಂಡು ಹೋಗುತ್ತಿತ್ತು. ಬಗ್ಗಿ ನೋಡಿದರೆ ದಸ್ತಗೀರ ಒಬ್ಬನೇ. ಭೂತಗನ್ನಡಿ ಕಣ್ಣಿನಲ್ಲೇ ಇದೆ, ಎದುರಿಗೆ ಬಿಚ್ಚಿಟ್ಟ ಗಡಿಯಾರಗಳು.

ನನ್ನ ಚಪ್ಪಲಿ ಸದ್ದಿಗೆ ತಲೆ ಎತ್ತಿದ. ಮಾತು ನಿಂತಿತು.

"ನಾ... ನಾ... ನಾಣಿ" ಎಂದ.

"ಏನ್ಲಾ ಮಾಡ್ತಿದ್ದೆ?"

"ಏ... ಏನಿಲ್ಲ ಕಣೋ."

ಅವನ ಕಿವಿ ಕೆಂಪಾಗಿತ್ತು. ಒಂದು ಮಾತು ಕೇಳಬಹುದಿತ್ತು ನಾನು. "ನಿನಗೂ ಕೋಲು ಹಿಡೀಬೇಕು ಅನ್ನೋ ಆಸೆ ಇದೆಯೇನೋ" ಎಂದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಗಡಿಯಾರ ಕೊಟ್ಟು ಸೆಲ್ಲಿನ ಬಗ್ಗೆ ಮಾತಾಡಿ ಬಂದೆ.

ಆ ವರ್ಷವೇ ನನಗೆ ಪೀಠ ಬಂತು. ಪೀಠಕ್ಕೆ ಬರುವವನು ಯಾರಿಗೆ ಯಾವ ಪಟ್ಟಿ ಎಂದು ತಾನೇ ನಿರ್ಧರಿಸುತ್ತಾನೆ. ನಾಲ್ಕು ಜನ ಒಳಗೆ ಕೂತು ಹೆಸರು ಗೊತ್ತುಮಾಡುತ್ತಿದ್ದೆವು. ದಸ್ತಗೀರ ಪದ್ಧತಿಯಂತೆ ಬಾಗಿಲ ಆಚೆ ನಿಂತಿದ್ದ. ಮುನಿರೆಡ್ಡಿಗಾರು ಕೇಳಿದರು.

"ಏಮಯ್ಯಾ ನಾರಾಯಣಸ್ವಾಮಿ, ಈ ಸಲ ದಸ್ತಗೀರ್‌ಗೆ ಕೋಲು ಕೊಡೋಣ್ವಾ? ಪಾಪಂ, ಎಷ್ಟು ವರ್ಷ ಅಂತ ಹೊರಗೇ ನಿಲ್ಲಿಸ್ತೀಯಾ?"

"ಬೇಡ ರೆಡ್ಡಿಗಾರೂ" ಎಂದೆ ನಾನು. "ಅವನಿಗೆ ಬಾಗಿಲೇ ಇಷ್ಟ. ಸಭೆ ನೋಡೋಕೆ ಬರೋ ಬೆಂಗಳೂರಿನೋರ ಮುಂದೆಲ್ಲ ಅವನು ತೊದಲಿದ್ರೆ ನೋಡೋಕಾಗಲ್ಲ. ಅವನಿಗೂ ಅವಮಾನ, ನಮಗೂ ಅವಮಾನ."

"ನಿನಗಿಂತ ಅವನನ್ನ ಬಲ್ಲೋರು ಯಾರಿದ್ದಾರೆ ಬಿಡು" ಎಂದು ಅವರು ಮುಂದಿನ ಹೆಸರಿಗೆ ಹೋದರು.

ಇಷ್ಟೇ ನಡೆದದ್ದು. ನಾನು ಅವನಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಅವತ್ತು ನಂಬಿದ್ದೆ ಎಂದು ಬರೆದರೆ ನೀವೂ ನಂಬಬಹುದು. ಆದರೆ ಷಟರಿನ ಕೆಳಗಿನಿಂದ ಕೇಳಿದ ಆ ದನಿ ನನ್ನ ಕಿವಿಯಲ್ಲಿ ಆಗಲೂ ಇತ್ತು. ಅವನಿಗೆ ಆಸೆ ಇದೆ ಎಂದು ಗೊತ್ತಿದ್ದೂ ಹಾಗೆಂದೆ. ನನ್ನ ವರ್ಷ, ನನ್ನ ಸಭೆ, ಎಲ್ಲೂ ತಡೆಯಬಾರದು, ಎಲ್ಲರೂ ಭೇಷ್ ಅನ್ನಬೇಕು. ಮೈಕಿನ ಚಪಲ.

ಅವತ್ತು ಸಂಜೆ ಮುಳಬಾಗಿಲಿಗೆ ವಾಪಸು ಬರುವ ಬಸ್ಸಿನಲ್ಲಿ ಅವನು ಎಂದಿನ ಹಾಗೆ ಕಡಲೆಕಾಯಿ ಪೊಟ್ಟಣ ಬಿಚ್ಚಿ ನನ್ನ ಕಡೆ ಹಿಡಿದ. ಪಕ್ಕದಲ್ಲಿ ಟೊಮೆಟೊ ಕ್ರೇಟು ತುಂಬಿದ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ನಾನು ಆ ವರ್ಷ ಏನೇನು ಮಾಡಬೇಕೆಂದಿದ್ದೇನೆ ಎಂದು ಮುಳಬಾಗಿಲು ಬರುವವರೆಗೂ ಹೇಳುತ್ತಲೇ ಇದ್ದೆ. ಇಳಿಯುವ ಮೊದಲು ಅವನು ನನ್ನ ತೋಳು ಹಿಡಿದ.

"ನಾಣಿ, ನ... ನಮ್ಮ ಲಾಡ್ಜಿನ ಬಾಗಿಲು ದ... ದ..."

"ದೊಡ್ಡದು" ಎಂದೆ.

ಇಲ್ಲ ಎಂದು ತಲೆಯಾಡಿಸಿದ.

"ದುಬಾರೀದು. ತೇಗದ್ದಲ್ವಾ."

ಮತ್ತೆ ತಲೆಯಾಡಿಸಿದ. ಕಣ್ಣು ಮುಚ್ಚಿ, ಉಸಿರು ಎಳೆದು, ಕೊನೆಗೆ ಹೇಳಿದ. "ದಪ್ಪ ಕಣೋ. ಆದ್ರೆ ಅ... ಅಷ್ಟೇನೂ ದಪ್ಪ ಇಲ್ಲ."

ಹೇಳಿ ನಕ್ಕ. ಕಂಡಕ್ಟರು ಸೀಟಿ ಊದಿದ, ಇಳಿದೆವು. ಏನೋ ಬಾಗಿಲಿನ ರಿಪೇರಿ ವಿಷಯ ಇರಬೇಕು ಎಂದುಕೊಂಡೆ. ಅಂದರೆ, ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಆಮೇಲೆ ಹನ್ನೆರಡು ವರ್ಷ ಅವನು ಬಾಗಿಲಲ್ಲೇ ಇದ್ದ. ಪ್ರತಿ ಮಾವಿನ ಕಾಲಕ್ಕೂ ಎಲ್ಲರ ಪಟ್ಟಿ ಬದಲಾಗುತ್ತಿತ್ತು, ಅವನದು ಇಲ್ಲ. ಒಂದು ಸಲವೂ ಮುಖ ಗಂಟು ಹಾಕಿಕೊಳ್ಳಲಿಲ್ಲ. ನನ್ನ ಮನೆಗೆ ಬರುವುದು ನಿಲ್ಲಿಸಲಿಲ್ಲ, ಶಾರದೆ ಮಾಡಿದ ಹುರುಳಿಕಾಳಿನ ಸಾರಿಗೆ ಎರಡನೆಯ ಮುದ್ದೆ ಕೇಳುವುದು ನಿಲ್ಲಿಸಲಿಲ್ಲ. ಲಾಡ್ಜಿನ ಊಟದ ಕೋಣೆಯ ಹಳೆಯ ಗೋಡೆ ಗಡಿಯಾರ ನಿಂತಾಗ ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ಸರಿಮಾಡಿ, ಹಾಗೆಯೇ ಹೊತ್ತು ತಂದು ನೇತುಹಾಕಿದ. ಅದು ಇವತ್ತಿಗೂ ಒಂದು ಕ್ಷಣ ಹಿಂದೆ ಮುಂದೆ ಹೋಗುವುದಿಲ್ಲ. ಅವನು ನನ್ನನ್ನು ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಈ ಸಲ ಮಾವು ಹೂ ಬಿಡುವ ಕಾಲದಲ್ಲಿ ಅವನು ಹೋದ. ಎದೆಯಲ್ಲಿ ಕಫ ಎಂದು ಆಸ್ಪತ್ರೆಗೆ ಸೇರಿಸಿದರು, ಐದನೆಯ ದಿನ ಮುಗಿಯಿತು. ನಾನು ಬೆಳಗ್ಗೆ ಹೋಗಿ ಮಾತಾಡಿಸಿ, ಅಂದರೆ ನಾನೇ ಮಾತಾಡಿ, ಮಧ್ಯಾಹ್ನ ಬರುತ್ತೇನೆಂದು ಬಂದವನು. ಅವನು ಏನೋ ಹೇಳಲು ಬಾಯಿ ತೆರೆದಿದ್ದ. "ಸುಮ್ನೆ ಮಲಕ್ಕೋ, ಆಯಾಸ ಆಗುತ್ತೆ, ಆಮೇಲೆ ಹೇಳುವೆಯಂತೆ" ಎಂದೆ. ಆಮೇಲೆ ಎಂಬುದು ಬರಲಿಲ್ಲ.

ಕಬರಸ್ತಾನಿನಲ್ಲಿ ಅವರ ಪದ್ಧತಿಯಂತೆ ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಿದರು. ನನಗೂ ಜಾಗ ಬಿಟ್ಟರು. ಒಂದು ಹಿಡಿ ಹಾಕಿದೆ, ಇನ್ನೊಂದು ಹಾಕಿದೆ. ಮೂರನೆಯದು ಕೈಯಿಂದ ಬಿಡಲು ನನ್ನಿಂದ ಆಗಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ಮುನಿರೆಡ್ಡಿಗಾರು ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಮುಂದಕ್ಕೆ ತಂದರು. ಆಗ ಬಿಟ್ಟೆ.

ಮುಂದಿನ ತಿಂಗಳ ಸಭೆಯಲ್ಲಿ ಹಾಜರಿ ಕೂಗುವಾಗ ಕಾರ್ಯದರ್ಶಿಗಳು ಹಳೆಯ ಪುಸ್ತಕವನ್ನೇ ತೆಗೆದರು. ಕನ್ನಡಕದ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಹೆಸರು ಓದುತ್ತಾ ಹೋಗಿ, ಕೊನೆಗೆ "ಹೊರಗಾವಲು, ಸಹೋದರ ದಸ್ತಗೀರ್" ಎಂದುಬಿಟ್ಟರು.

"ಪ್ರೆಸೆಂಟ್" ಎಂದೆ ನಾನು.

ಬೈರಕೂರಿನ ಮೇಷ್ಟ್ರು ಇದ್ದಿದ್ದರೆ ಹುಣಸೆ ಬರಲು ತೆಗೆಯುತ್ತಿದ್ದರು, ಆಗ ವಾಸಿ ಅನ್ನಿಸುತ್ತಿತ್ತೋ ಏನೋ. ಕಾರ್ಯದರ್ಶಿಗಳು ಪುಸ್ತಕ ಮುಚ್ಚಿ, ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು. ನನಗೆ ಅಳಲೂ ಆಗಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಕಡಲೆಕಾಯಿ ಕೊಂಡು, ಪೊಟ್ಟಣ ಬಿಚ್ಚದೆ ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟುಕೊಂಡು ಬಂದೆ.

ಈ ವರ್ಷ ಪೀಠಕ್ಕೆ ಬರುವ ಸರದಿ ಮಾಲೂರಿನ ಹಲ್ಲಿನ ಡಾಕ್ಟರು ಕಿರಣನದು. ಒಳ್ಳೆಯ ಹುಡುಗ. ಮನೆಗೇ ಬಂದು ಕೇಳಿದ.

"ಅಂಕಲ್, ಈ ವರ್ಷ ಎಲ್ಲಾ ಶಾಸ್ತ್ರ ನಡೆಸಿಕೊಡೋ ಕೋಲು ನೀವೇ ಹಿಡೀಬೇಕು. ನಿಮ್ಮಷ್ಟು ಚೆನ್ನಾಗಿ ಯಾರಿಗೂ ಮಾತು ಬರಲ್ಲ."

ಅದು ದೊಡ್ಡ ಗೌರವ. ಬೆಳ್ಳಿಯ ಹಿಡಿ ಇರುವ ಕೋಲು. ಇನ್ನೊಂದು ಸಲವಾಗಿದ್ದರೆ ಒಲ್ಲೆ ಒಲ್ಲೆ ಎನ್ನುತ್ತಲೇ ಕೈ ಚಾಚುತ್ತಿದ್ದೆ.

"ನನಗೆ ಬಾಗಿಲು ಕೊಡಪ್ಪ" ಎಂದೆ. "ಹೊರಗಡೆದು."

ವಿಷಯ ತಿಳಿದು ಮುನಿರೆಡ್ಡಿಗಾರು ಫೋನು ಮಾಡಿದರು. "ಏಂಟಯ್ಯಾ ಇದು? ಪೀಠದಲ್ಲಿ ಕೂತೋನು ಬಾಗಿಲಿಗೆ ಹೋಗಿ ನಿಲ್ತಾನಂತಾ?" ಎಂದರು. "ನಿಲ್ತೀನಿ ರೆಡ್ಡಿಗಾರೂ" ಎಂದೆ. "ಸರೆ, ನಿಲ್ಲು" ಎಂದು ಇಟ್ಟರು.

ಹೋದ ಶನಿವಾರ ಪಟ್ಟಿ ಹಾಕುವ ದಿನ. ಅದಕ್ಕೆ ಎರಡು ದಿನ ಮೊದಲು ನಸ್ರೀನ್ ಮನೆಗೆ ಹೋಗಿ ಸುದ್ದಿ ಹೇಳಿದ್ದೆ. ಅವಳು ಒಳಗೆ ಹೋಗಿ ಒಂದು ಕವರು ತಂದು ಕೊಟ್ಟಳು. ಒಳಗೆ ಅವನ ಗ್ಲೌಸು, ಒಗೆದು ಮಡಿಸಿಟ್ಟದ್ದು.

"ಇಟ್ಕೊಳ್ಳಿ ನಾರಾಯಣ್ ಭಾಯ್. ನನಗೆ ಅದನ್ನ ನೋಡಕ್ಕಾಗಲ್ಲ, ಬಿಸಾಕಕ್ಕೂ ಆಗಲ್ಲ" ಎಂದಳು. ಆಮೇಲೆ, "ಶನಿವಾರ ಬೆಳಗ್ಗೆ ಬೆಳಗ್ಗೆ ದುಕಾನಲ್ಲಿ ಒಬ್ಬರೇ ಕೂತು ಎಲ್ಲಾರದೂ ಮಾತು ಹೇಳ್ಕೋತಿದ್ರು. ಪೀಠದವರದೂ, ಎಲ್ಲಾರದೂ. ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತಮ್ಮ" ಎಂದೆ. ಅವಳ ಎದುರು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳು ಒಳಗೆ ಹೋದಳು. ಚಹಾ ತಂದು ಕೊಟ್ಟಳು.

ಹೊರಗಾವಲಿನವನಿಗೆ ಪಟ್ಟಿ ಹಾಕುವುದು ಎಲ್ಲರಿಗಿಂತ ಕೊನೆಗೆ. ಕಿರಣ ನನ್ನ ಕೊರಳಿಗೆ ಹಾಕಿದ, ಕೈಗೆ ಕತ್ತಿ ಕೊಟ್ಟ. ದಸ್ತಗೀರನ ಗ್ಲೌಸು ನನಗೆ ಸ್ವಲ್ಪ ಬಿಗಿ. ನನ್ನನ್ನು ಬಾಗಿಲವರೆಗೆ ಕರೆದುಕೊಂಡು ಹೋಗಿ ಆಚೆ ಬಿಟ್ಟರು. ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಇಪ್ಪತ್ತೊಂದು ವರ್ಷದಲ್ಲಿ ಆ ಬಾಗಿಲ ಆಚೆ ನಾನು ಒಂದು ಸಲವೂ ನಿಂತಿರಲಿಲ್ಲ. ಅಲ್ಲಿ ಬೆತ್ತ ಕಿತ್ತುಹೋದ ಒಂದು ಕುರ್ಚಿ ಇದೆ, ಕಿಟಕಿಯಲ್ಲಿ ಅಂತರಗಂಗೆ ಬೆಟ್ಟ ಕಾಣುತ್ತದೆ. ಒಳಗಿನ ಸದ್ದು ಇಲ್ಲಿಗೆ ಬರುವುದಿಲ್ಲ ಎಂದು ಅಷ್ಟು ವರ್ಷವೂ ತಿಳಿದಿದ್ದೆ. ನಿಂತು ಒಂದು ನಿಮಿಷವಾಗಿರಲಿಲ್ಲ, ಕಿರಣ ಯಾರಿಗೋ ಫ್ಯಾನು ಜೋರು ಮಾಡಿ ಎಂದದ್ದು ಕೇಳಿಸಿತು. ಕಾರ್ಯದರ್ಶಿಗಳು ಹಾಳೆ ತಿರುವಿದ್ದು ಕೇಳಿಸಿತು. ಮುನಿರೆಡ್ಡಿಗಾರು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದರು, "ಪಾಪಂ, ಸ್ನೇಹಿತನ ಜಾಗ ಕೇಳ್ಕೊಂಡು ಹೋದ." ಅದೂ ಕೇಳಿಸಿತು.

ಅಷ್ಟೇನೂ ದಪ್ಪ ಇಲ್ಲ. ಅವನು ಹೇಳಿದ್ದ. ಹಾಗಾದರೆ ಅವತ್ತು ನಾನು ಆಡಿದ್ದೆಲ್ಲ, ಬೆಂಗಳೂರಿನವರು, ತೊದಲು, ಅವಮಾನ, ಪದ ಪದವೂ ಅವನ ಕಿವಿಗೆ ಬಿದ್ದಿತ್ತು. ಇಲ್ಲೇ, ಇದೇ ಕಲ್ಲಿನ ಮೇಲೆ ಕತ್ತಿ ಹಿಡಿದು ನಿಂತು ಕೇಳಿಸಿಕೊಂಡು, ಸಂಜೆ ನನ್ನ ಕಡೆ ಕಡಲೆಕಾಯಿ ಹಿಡಿದಿದ್ದ. ನಾನು ಆ ಮುರುಕು ಕುರ್ಚಿಯ ಮೇಲೆ ಕೂತುಬಿಟ್ಟೆ. ಕಾವಲುಗಾರ ಕೂರಬಾರದು, ಆದರೂ ಕೂತೆ.

ಒಳಗಿನಿಂದ ಮೂರು ತಟ್ಟು ಬಂತು. ಎದ್ದು ನಿಂತೆ. ಅವನ ಹಾಗೆಯೇ ಮೂರನೆಯದನ್ನು ತಡೆದು ತಟ್ಟಬೇಕೆಂದು ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದೆ. ಕೈ ಎತ್ತಿದರೆ ಟಕ್ ಟಕ್ ಟಕ್ ಎಂದು ಮುಗಿದೇ ಹೋಯಿತು. ನನ್ನ ಕೈಗೂ ಕಾಯುವುದು ಬರುವುದಿಲ್ಲ.

ಸಭೆ ಮುಗಿದು ಊಟಕ್ಕೆ ಕೂತೆವು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಶ್ರೀನಿವಾಸಪುರದ ಕಡೆಯವರು ಬಸ್ಸು ಹಿಡಿಯಬೇಕಾದ್ದರಿಂದ ನಮ್ಮದು ಬೇಗನೆ ಮುಗಿಯುತ್ತದೆ. ಮುನಿರೆಡ್ಡಿಗಾರ ತೋಟದ ಹಣ್ಣಿನ ರಸ ಎಲ್ಲರ ಲೋಟಕ್ಕೂ ಬಂತು. ಕಿರಣ ಮೇಜು ತಟ್ಟಿ, "ಕೊನೆಯ ಮಾತು, ಹೊರಗಾವಲಿನವರದು" ಎಂದ.

ನೂರಾರು ಸಲ ಹೇಳಿದ ವಾಕ್ಯ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎದ್ದೆ, ದಸ್ತಗೀರನ ಗ್ಲೌಸು ಹಾಕಿದ ಕೈಯಲ್ಲಿ ಲೋಟ ಎತ್ತಿದೆ. "ಇವತ್ತು ಈ ಪಂಕ್ತಿಯಲ್ಲಿ" ಎಂದೆ. "ಇ..." ಎಂದೆ.

ಮುಂದಕ್ಕೆ ಬರಲಿಲ್ಲ. 'ಇಲ್ಲದ' ಎನ್ನುವ ಪದ ಗಂಟಲಿನಲ್ಲೇ ನಿಂತುಬಿಟ್ಟಿತು. ಅದನ್ನು ಹೇಳಿದರೆ ಅವನು ಇಲ್ಲ ಎಂದು ನಾನೇ ಹೇಳಿದ ಹಾಗೆ. ಮತ್ತೆ "ಇ..." ಎಂದೆ. ಕತ್ತು ಬಿಗಿಯಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎತ್ತಿದ ಲೋಟ ಓರೆಯಾಗಿ ರಸ ಅಂಗೈ ಮೇಲೆ ಚೆಲ್ಲಿತು.

ಕಣ್ಣು ಬಿಟ್ಟಾಗ ಕಿರಣ ಅರ್ಧ ಎದ್ದಿದ್ದ. ನನ್ನ ಮಾತನ್ನು ಮುಗಿಸಿಕೊಡಲು ಅವನ ತುಟಿ ಆಗಲೇ ತೆರೆದಿತ್ತು. ಪಾಪ, ಒಳ್ಳೆಯ ಹುಡುಗ, ನನ್ನಿಂದಲೇ ಕಲಿತದ್ದು. ಮುನಿರೆಡ್ಡಿಗಾರು ಕೈ ಚಾಚಿ ಅವನ ಭುಜದ ಮೇಲಿಟ್ಟು ಕೂರಿಸಿದರು.

"ಇರು ಬಾಬೂ, ಇರು" ಎಂದರು. "ಅವನೇ ಹೇಳಲಿ."

ಎಲ್ಲರೂ ಲೋಟ ಎತ್ತಿ ಹಿಡಿದುಕೊಂಡೇ ಕಾದರು. ಯಾರೂ ಕೆಮ್ಮಲಿಲ್ಲ. ಯಾರೂ ನನ್ನ ಕಡೆ ಅಯ್ಯೋ ಎಂಬಂತೆ ನೋಡಲಿಲ್ಲ, ಸುಮ್ಮನೆ ಕಾದರು. ಗೋಡೆಯ ಮೇಲೆ ದಸ್ತಗೀರ ಸರಿಮಾಡಿದ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ನಾನು ಉಸಿರು ಎಳೆದುಕೊಂಡು, "ಇಲ್ಲದ ಸಹೋದರರಿಗೆ, ಅವರು ಎಲ್ಲೇ ಇರಲಿ, ನಮ್ಮ ನೆನಪು ತಲುಪಲಿ" ಎಂದೆ. ದನಿ ಒಡೆದಿತ್ತು, ಆದರೆ ಮಾತು ಪೂರ್ತಿಯಾಯಿತು. ಎಲ್ಲರೂ ಕುಡಿದರು.

ಕೂತುಕೊಂಡು ಗಡಿಯಾರ ನೋಡಿದೆ. ನಾನು ಏಳುವಾಗಲೂ ನೋಡಿದ್ದೆ. ನಾನು ನಿಂತು, ತಡವರಿಸಿ, ರಸ ಚೆಲ್ಲಿಕೊಂಡು, ಮತ್ತೆ ಸುಧಾರಿಸಿಕೊಂಡು ಹೇಳಿ ಮುಗಿಸಿದ್ದಕ್ಕೆಲ್ಲ ಒಂದು ನಿಮಿಷವೂ ಹಿಡಿದಿರಲಿಲ್ಲ. ಇಷ್ಟೇ ಹೊತ್ತು. ಅವನು ಮೊದಲ ಸಲ ಲೋಟ ಎತ್ತಿ ನಿಂತಾಗ ನಾನು ನನ್ನ ಕುರ್ಚಿಯಲ್ಲಿ ಇಷ್ಟು ಹೊತ್ತು ಸುಮ್ಮನೆ ಕೂತಿದ್ದರೆ ಸಾಕಿತ್ತು.